ಯಾವ ತೊಂದರೆಗೆ ಯಾವ ಫಿಸಿಯೋ? ನಾನು ಕೆಲಸ ಮಾಡುತ್ತಾ ಕಂಡದ್ದು

ಫಿಸಿಯೋಥೆರಪಿ ಓದು ಮುಗಿಸಿ ಕೆಲಸಕ್ಕೆ ಸೇರಿದಾಗ ನಮ್ಮನ್ನು ಒಂದೇ ಕಡೆ ಕೂರಿಸಲಿಲ್ಲ. ಕೆಲವು ತಿಂಗಳು ಮೂಳೆ-ಕೀಲು, ಆಮೇಲೆ ನರರೋಗ, ಐಸಿಯು, ಮಕ್ಕಳ ವಿಭಾಗ, ಹೀಗೆ ಸುತ್ತಿಸಿದರು. ಈಗ ನಾನು ಜಾಸ್ತಿ ನೋಡೋದು ಲಕ್ವ ಹೊಡೆದವರನ್ನು ಮತ್ತು ತಲೆಸುತ್ತಿನವರನ್ನು. ಆದರೂ ಆ ಸುತ್ತಾಟ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಯಾಕಂದ್ರೆ ಎಷ್ಟೋ ಜನ ತಮ್ಮ ತೊಂದರೆಗೂ ಒಬ್ಬ ಫಿಸಿಯೋ ಇರುತ್ತಾರೆ ಅನ್ನೋದೇ ಗೊತ್ತಿಲ್ಲದೆ ವರ್ಷಗಟ್ಟಲೆ ಸುಮ್ನೆ ಸಹಿಸಿಕೊಂಡಿರುತ್ತಾರೆ.

ಮೂಳೆ-ಕೀಲಿನ ವಿಭಾಗ ಎಲ್ಲರಿಗೂ ಗೊತ್ತು. ಸೊಂಟ ನೋವು, ಕತ್ತು ನೋವು, ಹಿಡಿದುಕೊಂಡ ಭುಜ, ಮೂಳೆ ಮುರಿತ, ಮಂಡಿ ಆಪರೇಷನ್. ಮಂಡಿ ಬದಲಿಸಿಕೊಂಡವರ ಮಂಚದ ಹತ್ತಿರ ಹೋದರೆ ನಾನು ಮೊದಲು ನೋಡೋದು ಮಂಡಿ ಕೆಳಗೆ ದಿಂಬು ಇದೆಯಾ ಅಂತ. ಹಾಗೆ ಇಟ್ಟುಕೊಂಡರೆ ಹಾಯಾಗಿರುತ್ತದೆ ನಿಜ, ಆದರೆ ಮಂಡಿ ಮಡಚಿದ ಹಾಗೇ ಬಿಗಿದುಕೊಂಡು ಆಮೇಲೆ ಪೂರ್ತಿ ನೆಟ್ಟಗಾಗೋದಿಲ್ಲ, ನಡಿಗೆ ಕುಂಟುತ್ತದೆ. ದಿಂಬು ಹಿಮ್ಮಡಿ ಕೆಳಗೆ ಇರಲಿ. ಇನ್ನೊಂದು ಮಾತು: ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಫಿಸಿಯೋ ಹತ್ತಿರ ಬರಬೇಡಿ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ.

ಕ್ರೀಡಾ ಫಿಸಿಯೋ ಇದರದ್ದೇ ಕವಲು. ಮಂಡಿಯ ಎಸಿಎಲ್ (ಕೀಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಪಟ್ಟಿ) ಆಪರೇಷನ್ ಆದ ಆಟಗಾರರನ್ನು 9 ತಿಂಗಳಿಗೆ ಮೊದಲು ಮೈದಾನಕ್ಕೆ ಬಿಡಬಾರದು ಅನ್ನೋರ ಕಡೆ ನಾನು. ನೋವು ಹೋದ ಮಾತ್ರಕ್ಕೆ ಬಲ ಬಂದಿದೆ ಅಂತಲ್ಲ.

ನನಗೆ ಹತ್ತಿರವಾದದ್ದು ನರಗಳ ವಿಭಾಗ. ಲಕ್ವ ಹೊಡೆದವರ ಕೈಗೆ ಮನೆಯವರು ಮೊದಲು ಕೊಡೋದು ಮೆತ್ತನೆ ಚೆಂಡು, ಹಿಸುಕು ಹಿಸುಕು ಅಂತ. ಬೆರಳು ಬಿಗಿದು ಮುಷ್ಟಿಯಾಗಿರುವ ಕೈಗೆ ನಾನು ಚೆಂಡು ಕೊಡೋದಿಲ್ಲ. ಮಡಚುವ ಸ್ನಾಯು ಆಗಲೇ ಎಳೆಯುತ್ತಿರುತ್ತದೆ, ಕಷ್ಟ ಇರೋದು ಬಿಚ್ಚೋದರಲ್ಲಿ ಅಲ್ವಾ? ಹಾಗಾಗಿ ಮೇಜಿನ ಮೇಲೆ ಖಾಲಿ ಲೋಟ ಇಡುತ್ತೇನೆ. ಹಿಡಿಯೋದು, ಒಂದು ಗೇಣು ಆಚೆ ಇಡೋದು, ಬೆರಳು ಬಿಟ್ಟು ಕೈ ವಾಪಸ್ ತೆಗೆಯೋದು. ಆ ಬಿಡುವ ಕ್ಷಣಕ್ಕೇ ಸಮಯ ಹಿಡಿಯುತ್ತದೆ, ಅಲ್ಲಿ ಅವಸರ ಮಾಡೋದಿಲ್ಲ. ಮೆದುಳು ಯಾವ ಕೆಲಸ ಮತ್ತೆ ಮತ್ತೆ ಮಾಡುತ್ತದೋ ಅದನ್ನೇ ಕಲಿಯುತ್ತದೆ. ಮೊದಲ ಕೆಲವು ತಿಂಗಳು ಚೇತರಿಕೆ ವೇಗವಾಗಿರುತ್ತದೆ, ಆಮೇಲೂ ನಿಂತುಹೋಗೋದಿಲ್ಲ. ಮನೆಯವರಿಗೆ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳೋದು, ಬಿದ್ದುಹೋದ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ ಅಂತ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲವಾಗಿರುತ್ತವೆ, ಕೀಲು ಜಾರುತ್ತದೆ, ಆ ನೋವು ಲಕ್ವಕ್ಕಿಂತ ಜಾಸ್ತಿ ಕಾಡುತ್ತದೆ.

ತಲೆಸುತ್ತಿಗೂ ಫಿಸಿಯೋ ಇದೆ ಅಂದರೆ ಜನ ನಂಬೋದೇ ಇಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಹೆಚ್ಚಾಗಿ ಅದು ಒಳಕಿವಿಯ ಸಣ್ಣ ಕ್ಯಾಲ್ಸಿಯಂ ಹರಳುಗಳು ಜಾಗ ತಪ್ಪಿ ಪಕ್ಕದ ನಾಳಕ್ಕೆ ಸೇರಿಕೊಂಡಿರೋದರಿಂದ. ಕತ್ತನ್ನು 45 ಡಿಗ್ರಿ ತಿರುಗಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗುವ ಹಾಗೆ ಬೇಗ ಮಲಗಿಸುತ್ತೇನೆ. ಆ ಕಡೆಯ ಕಿವಿಯದೇ ತೊಂದರೆಯಾದರೆ ಕೆಲವು ಸೆಕೆಂಡಿನಲ್ಲಿ ಕಣ್ಣುಗುಡ್ಡೆ ಅದುರುತ್ತದೆ. ಹೆದರಬೇಡಿ, ಹಿಡಿದುಕೊಂಡಿದ್ದೇನೆ ಅಂತ ಹೇಳುತ್ತಲೇ ತಲೆಯನ್ನು ಇನ್ನೊಂದು ಕಡೆಗೆ, ಆಮೇಲೆ ಇಡೀ ಮೈಯನ್ನು ಮಗ್ಗುಲಿಗೆ, ಮುಖ ನೆಲದ ಕಡೆಗೆ, ಕೊನೆಗೆ ಎದ್ದು ಕೂರಿಸೋದು. ಒಂದೊಂದು ಭಂಗಿಯಲ್ಲೂ ಅರ್ಧ ನಿಮಿಷದಷ್ಟು ಕಾಯಬೇಕು. ಎಪ್ಲಿ ವಿಧಾನ ಅಂತಾರೆ ಇದಕ್ಕೆ. ತುಂಬಾ ಜನರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ.

ಹೃದಯ-ಶ್ವಾಸಕೋಶದ ಫಿಸಿಯೋ ಐಸಿಯುನಿಂದಲೇ ಶುರು. ಬೈಪಾಸ್ ಆದವರಿಗೆ ದಿಂಬು ಎದೆಗೆ ಅವುಚಿಕೊಂಡು ಕೆಮ್ಮೋದು ಕಲಿಸುತ್ತೇವೆ, ಕಫ ಬರುತ್ತದೆ, ಎದೆಮೂಳೆಗೂ ಆಸರೆ. ಹಳೇ ಏದುಸಿರಿನವರಿಗೆ ಮೂಗಿನಿಂದ ಎಳೆದು ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡೋದು, ಜೊತೆಗೆ ಲೆಕ್ಕದ ನಡಿಗೆ. ಶ್ವಾಸಕೋಶ ಹೊಸದಾಗೋದಿಲ್ಲ, ಆದರೆ ಕಾಲಿನ ಸ್ನಾಯು ಪಳಗಿದಷ್ಟೂ ಅದೇ ದೂರ ನಡೆಯೋಕೆ ಉಸಿರು ಕಡಿಮೆ ಸಾಕಾಗುತ್ತದೆ.

ಬಾಯಿ ಬಿಟ್ಟು ಹೇಳದ ತೊಂದರೆ ಒಂದಿದೆ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರೋದು. ಹೆರಿಗೆಯಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಹೆಂಗಸರು ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಮೂತ್ರ ಹಿಡಿದಿಡುವ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಕೆಗೆಲ್ ಎಂಬ ವೈದ್ಯರು 1948ರಲ್ಲೇ ವ್ಯಾಯಾಮ ಬರೆದಿಟ್ಟಿದ್ದಾರೆ. ಆದರೆ 3 ತಿಂಗಳಾದರೂ ಬಿಡದೆ ಮಾಡಬೇಕು. ಕೆಲವರಿಗೆ ಆ ಸ್ನಾಯು ಬಿಗಿಯಾಗೇ ಇರುತ್ತದೆ, ಅವರಿಗೆ ಸಡಿಲಿಸೋದೇ ಚಿಕಿತ್ಸೆ. ಅದಕ್ಕೇ ವಿಡಿಯೋ ನೋಡಿ ಶುರು ಮಾಡುವ ಮೊದಲು ಒಮ್ಮೆ ತೋರಿಸಿ. ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಇದೇ ವಿಭಾಗ.

ಮಕ್ಕಳ ಫಿಸಿಯೋದಲ್ಲಿ ಆಟವೇ ವ್ಯಾಯಾಮ, ಅರ್ಧ ಪಾಠ ಅಪ್ಪ-ಅಮ್ಮಂದಿರಿಗೆ. ವಯಸ್ಸಾದವರಿಗೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ವಾಪಸ್ ಬಂದು ಕೂರೋಕೆ ಹೇಳುತ್ತೇವೆ. 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಬೀಳುವ ಭಯ ಇದೆ, ಬೀಳೋಕೆ ಮೊದಲೇ ಕಾಲಿನ ಬಲಕ್ಕೆ, ಸಮತೋಲನಕ್ಕೆ ಕೆಲಸ ಶುರು ಮಾಡಬೇಕು. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಕೈ ಊದಿಕೊಂಡರೆ ಅದಕ್ಕೂ ತರಬೇತಿ ಪಡೆದವರು ಇರುತ್ತಾರೆ, ಬಿಗಿ ಬ್ಯಾಂಡೇಜು, ವ್ಯಾಯಾಮ. ಊತ ಸ್ವಲ್ಪ ಇರುವಾಗಲೇ ಹೋದರೆ ಒಳ್ಳೆಯದು.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನಿನಲ್ಲೇ ಕೇಳಿ: "ನಮ್ಮ ತಂದೆಗೆ ಲಕ್ವ ಆಗಿದೆ, ಇಂಥವರನ್ನು ನೀವು ದಿನಾ ನೋಡ್ತೀರಾ?" ಇಲ್ಲ ಅನ್ನೋರು ಯಾರ ಹತ್ತಿರ ಹೋಗಬೇಕು ಅಂತಲೂ ಹೇಳುತ್ತಾರೆ.