ಕ್ರಿ.ಶ. 1058ರ ಮುಳ್ಳೂರಿನಲ್ಲಿ ನೀವು ಯಾರು?

ಹಿಂದಿನ ಕಾಲದವರೊಬ್ಬರನ್ನು ಕಲ್ಪಿಸಿಕೊಂಡು, ಅವರಂತೆ ಉಟ್ಟು, ಉಂಡು, ಅವರ ಕಸುಬು ಕಲಿತು ಒಂದು ದಿನ ಬಾಳಿ ನೋಡುವುದು ಹಲವು ದೇಶಗಳಲ್ಲಿ ಬೇರೂರಿದ ಹವ್ಯಾಸ. 1966ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ ಇದರ ದೊಡ್ಡ ಸಂಘ. ಅಲ್ಲಿ 17ನೇ ಶತಮಾನಕ್ಕಿಂತ ಹಿಂದಿನ ಪಾತ್ರವೊಂದನ್ನು ಕಟ್ಟಿಕೊಳ್ಳುತ್ತಾರೆ. ಯುರೋಪಿನ ನೈಟ್ ಆಗಲೇಬೇಕೆಂದೇನೂ ಇಲ್ಲ. ಶಾಸನ, ಬಸದಿ, ವೀರಗಲ್ಲುಗಳಿರುವ ಕೊಡಗಿನಲ್ಲಿ ಕುಳಿತು ಇಂಗ್ಲೆಂಡಿನ ಸರದಾರನ ವೇಷ ಹಾಕುವುದಕ್ಕಿಂತ, ನಮ್ಮದೇ ಒಂದು ಹೋಬಳಿಯ ಮನುಷ್ಯರನ್ನು ಕಟ್ಟುವುದು ಹೆಚ್ಚು ಕಷ್ಟ, ಹೆಚ್ಚು ಸಂತೋಷ.

ಮೊದಲು ಒಂದು ವರ್ಷ, ಒಂದು ಊರು

‘ಹಳೆಯ ಕೊಡಗು’ ಎಂದು ಶುರು ಮಾಡಿದವರು ಎಡವುವುದು ಇಲ್ಲೇ. ಕೊಡಗಿನ ಅರಸ ಲಿಂಗರಾಜನ ಕಾಲದ ಕತ್ತಿ, ಅದಕ್ಕೂ ಬಹಳ ಹಿಂದಿನ ಚಂಗಾಳ್ವ ಅರಸರ ಕಾಲದ ಹೆಸರು, ಅಜ್ಜಿಯ ಪೆಟ್ಟಿಗೆಯ ಸೀರೆ ಎಲ್ಲವೂ ಒಂದೇ ಮೈಮೇಲೆ ಬಂದು ಕೂರುತ್ತವೆ. ಆದ್ದರಿಂದ ಇಸವಿಯನ್ನು ಗಟ್ಟಿಯಾಗಿ ಹಿಡಿಯಿರಿ. ಯುದ್ಧದ ಕಡೆ ಒಲವಿದ್ದರೆ 1174 ಒಳ್ಳೆಯದು: ಚಂಗಾಳ್ವ ಪೆಮ್ಮ ವೀರಪ್ಪ ಪಾಲ್ಪರೆಯಲ್ಲಿ ಹೊಯ್ಸಳ ದಂಡನಾಯಕ ಬೆಟ್ಟರಸನ ಮೇಲೆ ಬಿದ್ದಾಗ, ಎಲ್ಲ ನಾಡುಗಳ ಕೊಡಗರು ವೀರಪ್ಪನ ಜೊತೆ ನಿಂತರೆಂದು ಶಾಸನ ಹೇಳುತ್ತದೆ. ಊರು, ಅಂಗಡಿ, ಬಸದಿಗಳ ಬದುಕು ಬೇಕೆಂದರೆ 1058. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸನ ತಾಯಿ ಪೋಚಬ್ಬರಸಿ ತನ್ನ ಗುರು ಗುಣಸೇನ ಪಂಡಿತರ ಮೂರ್ತಿ ಮಾಡಿಸಿದ ವರ್ಷವದು. ಇಲ್ಲಿ ಈ ಎರಡನೆಯದನ್ನೇ ಹಿಡಿದು ಮುಂದುವರಿಯೋಣ.

ಕೊಡಗಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಮೊದಲ ಸಂಪುಟದಲ್ಲಿವೆ. ನಿಮ್ಮ ಇಸವಿಯ ಹಿಂದೆ ಮುಂದೆ 50 ವರ್ಷದ ಶಾಸನಗಳನ್ನಷ್ಟೇ ಓದಿ. ಬಸದಿಗೂ ಹೋಗಿ ಬನ್ನಿ. ಕಲ್ಲಿನ ಅಕ್ಷರ ಕಾಣದಿದ್ದರೆ ಸೀಮೆಸುಣ್ಣ, ಅರಿಸಿನ, ಹಿಟ್ಟು ಏನನ್ನೂ ಉಜ್ಜಬೇಡಿ. ಸಂಜೆ ಬೆಳಕು ಇಳಿದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಅಕ್ಷರದ ತಗ್ಗಿನಲ್ಲಿ ನೆರಳು ತುಂಬಿ, ಮಧ್ಯಾಹ್ನ ಬರೀ ಕಲ್ಲಾಗಿ ಕಂಡದ್ದರಲ್ಲಿ ಸಾಲು ಸಾಲು ಎದ್ದು ಬರುತ್ತದೆ.

ಹೆಸರು, ವಯಸ್ಸು

ಚರಿತ್ರೆಯಲ್ಲಿ ಹೆಸರಾದವರು ನೀವಾಗಬೇಡಿ. ಪೋಚಬ್ಬರಸಿಯ ಊರಿನಲ್ಲಿ ಮೆಣಸು ಮಾರುವ ಸೆಟ್ಟಿಯ ಮನೆಯಾಕೆ ಆಗಿ. ಆ ಕಾಲದ ಶಾಸನಗಳಲ್ಲಿ ಹೆಣ್ಣುಮಕ್ಕಳ ಹೆಸರಿಗೆ ‘ಅಬ್ಬೆ’, ಗಂಡಸರಿಗೆ ‘ಅಯ್ಯ’, ವ್ಯಾಪಾರಿಗಳಿಗೆ ‘ಸೆಟ್ಟಿ’, ಊರಗೌಡನಿಗೆ ‘ಗಾವುಂಡ’ ಸೇರುತ್ತವೆ. ನಾಗಿಯಬ್ಬೆ, ಮಾಚಿಸೆಟ್ಟಿ ಎಂದರೆ ಸರಿಹೋಗುತ್ತದೆ. ಇಂದು ಬಾಳುತ್ತಿರುವ ಒಕ್ಕದ (ಕೊಡವರ ಕುಲಮನೆತನದ) ಮನೆಹೆಸರನ್ನು ಮಾತ್ರ ಆ ಒಕ್ಕದ ಹಿರಿಯರನ್ನು ಕೇಳದೆ ಹಾಕಿಕೊಳ್ಳಬೇಡಿ. ಅದು ಒಕ್ಕದ ಮೂಲಪುರುಷ ಗುರುಕಾರೋಣನಿಂದ ಇಳಿದು ಬಂದದ್ದು, ವೇಷದ ಸಾಮಾನಲ್ಲ.

ಹುಟ್ಟಿದ ವರ್ಷವನ್ನು ಶಕದಲ್ಲಿ ಹೇಳಲು ಕಲಿಯಿರಿ. ಇಸವಿಯಿಂದ 78 ಕಳೆದರೆ ಶಕ: 1058 ಎಂದರೆ ಶಕ 980. ಸಂವತ್ಸರಕ್ಕೆ 60ರ ಲೆಕ್ಕ ಸಾಕು. 2018ರ ಯುಗಾದಿಗೆ ಬಂದದ್ದು ವಿಳಂಬಿ. 60 ವರ್ಷದಂತೆ 16 ಸುತ್ತು ಹಿಂದೆ ಹೋದರೆ 1058 ಕೂಡ ವಿಳಂಬಿಯೇ. ನಾಗಿಯಬ್ಬೆಗೆ ಆಗ 30 ತುಂಬಿದ್ದರೆ ಅವಳು ಹುಟ್ಟಿದ್ದು ಶಕ 950, ವಿಭವ ಸಂವತ್ಸರ.

ಬಟ್ಟೆ

ಕೊಡವ ಗಂಡಸರ ಕುಪ್ಯ (ನಿಲುವಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ ತೊಟ್ಟು 11ನೇ ಶತಮಾನ ಎನ್ನುವುದು ಎಲ್ಲರೂ ಮಾಡುವ ತಪ್ಪು. ಅದು ಇಂದಿಗೂ ಮದುವೆಮನೆಯಲ್ಲಿ, ಹಬ್ಬದಲ್ಲಿ ಜೀವಂತವಾಗಿರುವ ಉಡುಪು. ಅದರ ಮರ್ಯಾದೆ ಅಲ್ಲೇ ಇರಲಿ. ವೀರಗಲ್ಲುಗಳನ್ನು ನೋಡಿ: ಬರಿಮೈ, ಸೊಂಟಕ್ಕೆ ಬಿಗಿದ ಬಟ್ಟೆ, ತಲೆಯಲ್ಲಿ ತುರುಬು. ಗಂಡಸಿಗೆ ನಾಲ್ಕೂವರೆ ಮೀಟರ್ ಕೈಮಗ್ಗದ ಹತ್ತಿಯ ಪಂಚೆ, ಎರಡು ಮೀಟರ್ ಮೇಲುಹೊದಿಕೆ. ಹೆಣ್ಣಿಗೂ ಉಡುವ ಬಟ್ಟೆ, ಹೊದೆಯುವ ಬಟ್ಟೆ ಬೇರೆಬೇರೆ. ಜೊತೆಗೆ ಒಂದು ಎದೆಕಟ್ಟು. ಗುಂಡಿ, ಜೇಬು, ಪಿನ್ನು ಬೇಡ. ಮಳೆಗೆ ಕಂಬಳಿ ಅಥವಾ ಗೊರಬು. ಕನ್ನಡಕ ಬೇಕಿದ್ದವರು ಹಾಕಿಕೊಳ್ಳಿ. ಕಲ್ಲು ಎಡವಿ ಬೀಳುವುದಕ್ಕಿಂತ ಅದು ಮೇಲು.

ಬಣ್ಣವನ್ನು ಮನೆಯಲ್ಲೇ ಹಾಕಿದರೆ ಪಾತ್ರ ಅರ್ಧ ಕಟ್ಟಿದಂತೆಯೇ. ಎರಡು ಮೀಟರ್ ಹೊದಿಕೆ ಸುಮಾರು 300 ಗ್ರಾಂ ತೂಗುತ್ತದೆ. ಅದಕ್ಕೆ ಅಳಲೆಕಾಯಿ ಪುಡಿ 60 ಗ್ರಾಂ, ಸ್ಫಟಿಕ (ಆಲಂ) 45 ಗ್ರಾಂ, ಮಂಜಿಷ್ಠದ ಪುಡಿ 200 ಗ್ರಾಂ. ಮೂರೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಮೊದಲು ಅಂಟುವಾಳದ ನೀರಿನಲ್ಲಿ ಬಟ್ಟೆಯನ್ನು ಒಂದು ಗಂಟೆ ಕುದಿಸಿ ಗಂಜಿ ಬಿಡಿಸಬೇಕು. ಗಂಜಿ ಉಳಿದ ಕಡೆ ಬಣ್ಣ ಹಿಡಿಯದೆ ಚುಕ್ಕೆ ಬೀಳುತ್ತದೆ. ಆಮೇಲೆ ಅಳಲೆಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಜಾಲಾಡಿಸದೆ ಹಿಂಡಿ, ನೆರಳಲ್ಲಿ ಒಣಗಿಸಿ. ಮರುದಿನ ಬಿಸಿನೀರಿನಲ್ಲಿ ಕರಗಿಸಿದ ಸ್ಫಟಿಕದಲ್ಲಿ ಅದ್ದಿ, ಮತ್ತೆ ಒಣಗಿಸಿ. ಕೊನೆಗೆ ಮಂಜಿಷ್ಠದ ನೀರು: ಹಬೆಯಾಡುವಷ್ಟು ಬಿಸಿ ಸಾಕು, ಒಂದು ಗಂಟೆ ಮಗುಚುತ್ತಿರಿ. ಪಾತ್ರೆ ಸ್ಟೀಲಿನದ್ದಾಗಲಿ, ಮಣ್ಣಿನದ್ದಾಗಲಿ, ಕಬ್ಬಿಣದ್ದು ಮಾತ್ರ ಬೇಡ. ಅಳಲೆಯ ಒಗರಿಗೆ ಕಬ್ಬಿಣ ಸೇರಿದರೆ ಕೆಂಪಿನ ಬದಲು ಬೂದುಗಪ್ಪು ಬರುತ್ತದೆ, ಮತ್ತೆ ತಿರುಗಿಸಲಾಗದು. ಇದನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿ. ಆಟಿಯ ಮಳೆಯಲ್ಲಿ ಒಣಗದ ಹತ್ತಿಗೆ ಮೂರೇ ದಿನದಲ್ಲಿ ಬೂಸ್ಟು ಬರುತ್ತದೆ.

ಊಟ

ಇಲ್ಲಿ ಮೊದಲು ಬಿಡಬೇಕಾದದ್ದು ಹಸಿಮೆಣಸಿನಕಾಯಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೋಡಂಬಿ, ಪಪ್ಪಾಯಿ ಎಲ್ಲವೂ ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲಿನವು. ಕಾಫಿಯಂತೂ ಬಹಳ ಈಚಿನದು. ಇಲ್ಲಿ ದೊಡ್ಡ ತೋಟಗಳೆದ್ದದ್ದು 19ನೇ ಶತಮಾನದಲ್ಲಿ. ಒಂದು ಲೋಟ ಕಾಫಿ ಇಲ್ಲದೆ ಬೆಳಗು ಕಳೆಯುವುದೇ ನಮ್ಮವರಿಗೆ ಈ ಹವ್ಯಾಸದ ಅತಿ ಕಠಿಣ ಭಾಗ.

ಪಾತ್ರದ ಧರ್ಮ ಅಡುಗೆಯನ್ನು ಇನ್ನಷ್ಟು ಬಿಗಿಯುತ್ತದೆ. ನಾಗಿಯಬ್ಬೆ ಬಸದಿಗೆ ನಡೆದುಕೊಳ್ಳುವವಳು. ಆದ್ದರಿಂದ ಪಂದಿಕರಿ (ಹಂದಿಮಾಂಸದ ಸಾರು) ಇಲ್ಲ, ಜೇನಿಲ್ಲ, ಗೆಡ್ಡೆಗೆಣಸಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹತ್ತು ಜನರಿಗೆ ಹುಗ್ಗಿ ಮಾಡುವುದಾದರೆ ಅಕ್ಕಿ ಒಂದು ಕಿಲೊ, ಹೆಸರುಬೇಳೆ ಅರ್ಧ ಕಿಲೊ, ನೀರು ಆರು ಲೀಟರ್, ಕರಿಮೆಣಸು ಮತ್ತು ಜೀರಿಗೆ 20 ಗ್ರಾಂನಂತೆ, ತುಪ್ಪ 200 ಗ್ರಾಂ. ಮೆಣಸನ್ನು ತುಪ್ಪದಲ್ಲಿ ಹುರಿದು ಜಜ್ಜಿ ಕೊನೆಗೆ ಹಾಕಿ. ಮೊದಲೇ ಬೆಂದರೆ ಖಾರ ಉಳಿದು ಘಮ ಹೋಗುತ್ತದೆ. ಬಡಿಸುವುದು ಬಾಳೆಲೆಗೆ.

ಮಾತು ಮತ್ತು ಆಯುಧ

ಇಡೀ ದಿನ ಹಳಗನ್ನಡ ಆಡಲು ಹೋದರೆ ಅರ್ಧ ಗಂಟೆಗೆ ನಾಲಿಗೆ ಸೋಲುತ್ತದೆ. ನಿಮ್ಮ ಎಂದಿನ ಕನ್ನಡವನ್ನೇ ಆಡಿ, ಆಮೇಲೆ ಸೇರಿದ ಪದಗಳನ್ನಷ್ಟೇ ಹೆಕ್ಕಿ ತೆಗೆಯಿರಿ. ಜಮೀನಿಗೆ ಮಣ್ಣು, ಖರ್ಚಿಗೆ ವೆಚ್ಚ, ರುಮಾಲಿಗೆ ತಲೆಸುತ್ತು. ದುಡ್ಡನ್ನು ಗದ್ಯಾಣದಲ್ಲಿ, ಭತ್ತವನ್ನು ಖಂಡುಗ, ಕೊಳಗಗಳಲ್ಲಿ ಎಣಿಸಿ. 20 ಕೊಳಗಕ್ಕೆ ಒಂದು ಖಂಡುಗ. ಮಡಿಕೇರಿ ಕೋಟೆಯ ಸುದ್ದಿ ಎತ್ತಬೇಡಿ. ಕೊಡಗಿನ ಅರಸ ಮುದ್ದುರಾಜ ಹಾಲೇರಿಯಿಂದ ಅಲ್ಲಿಗೆ ರಾಜಧಾನಿ ತಂದದ್ದು 1681ರಲ್ಲಿ. ವಿರಾಜಪೇಟೆ ಹುಟ್ಟಿದ್ದು ಅದಕ್ಕೂ ನೂರು ವರ್ಷ ಆಚೆಗೆ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆಗೊಳ್ಳುವ ಕೋವಿಯನ್ನಾಗಲಿ ಒಡಿಕತ್ತಿಯನ್ನಾಗಲಿ ಈ ಆಟಕ್ಕೆ ತರಬೇಡಿ. ಕೋವಿ ಆಗ ಇರಲೇ ಇಲ್ಲ. ಹರಿತವಾದ ಕತ್ತಿ ಜನರ ನಡುವೆ ಅಪಾಯ. ಮರದ ಕತ್ತಿಯೇ ಸಾಕು, ಅದರ ಅಂಚೂ ದುಂಡಗಿರಲಿ.

ಎಲ್ಲ ಸಿದ್ಧವಾದ ಮೇಲೆ ಒಬ್ಬ ಗೆಳೆಯರ ಎದುರು ಕೂತು ಹತ್ತು ನಿಮಿಷ ಪ್ರಶ್ನೆ ಕೇಳಿಸಿಕೊಳ್ಳಿ. ನಿನ್ನೆ ಏನುಂಡೆ? ನೀರು ಎಲ್ಲಿಂದ ತಂದೆ? ಮೆಣಸು ಯಾರಿಗೆ ಮಾರಿದೆ, ಎಷ್ಟಕ್ಕೆ? ಮಗುವಿಗೆ ಜ್ವರ ಬಂದರೆ ಯಾರ ಬಳಿ ಹೋಗುತ್ತೀ? ಅರಸ ಯಾರು, ಅವನಿಗೆ ಮೇಲಿನವನು ಯಾರು? ಈ ಕೊನೆಯದಕ್ಕೆ ‘ಚೋಳ’ ಎಂಬ ಉತ್ತರ ತಡವರಿಸದೆ ಬರಬೇಕು. ಪ್ರತಿ ಉತ್ತರದ ಮುಂದೆ ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಿ: ಶಾಸನದಲ್ಲಿ ಇರುವುದಕ್ಕೆ ‘ಶಾ’, ಕೆತ್ತನೆಯಲ್ಲಿ ಕಂಡದ್ದಕ್ಕೆ ‘ಕೆ’, ನೀವೇ ಊಹಿಸಿದ್ದಕ್ಕೆ ‘ಊ’. ನೋಡಲು ಬಂದ ಶಾಲೆ ಮಕ್ಕಳು ಕೇಳಿದಾಗ ‘ಊ’ ಇರುವುದನ್ನು ಊಹೆ ಎಂದೇ ಹೇಳಿ.