ಅಡಿಕೆ ಚಪ್ಪರದಲ್ಲಿ ನಾವು ತೆಗೆದ ಪ್ರೇಮಕಥೆ

ತೀರ್ಥಹಳ್ಳಿಯಲ್ಲಿ ನನ್ನದು ಮದುವೆ ವಿಡಿಯೊ ತೆಗೆಯುವ ಕೆಲಸ. ಹನ್ನೊಂದು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಆರು ದಿನ ಅದನ್ನು ಬದಿಗಿಟ್ಟು 24 ನಿಮಿಷದ ಒಂದು ಸಿನಿಮಾ ತೆಗೆದೆ. ನಗುತ್ತಾ ನೋಡುವ ಪ್ರೇಮಕಥೆ. ಅದರ ನಾಯಕಿಗೆ ಒಂದು ಕಾಲಿಗೆ ಪೋಲಿಯೊ, ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ, ಹಾಕಿಕೊಂಡು ನಡೆಯುತ್ತಾಳೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾರತ ಪೋಲಿಯೊ ಮುಕ್ತ ಅಂತ ಹೇಳಿದ್ದು 2014ರಲ್ಲಿ. ಅಂದರೆ ಆ ಕಾಯಿಲೆ ಬಂದುಹೋದ ಎಷ್ಟೋ ಜನ ಈಗ ಪ್ರೀತಿಯ ವಯಸ್ಸಿನಲ್ಲೇ ಇದ್ದಾರೆ ಅಲ್ವಾ? ನನ್ನ ಮದುವೆ ವಿಡಿಯೊಗಳಲ್ಲಿ ಅವರು ಮೂಲೆಯ ಕುರ್ಚಿಯಲ್ಲಿ ಮಾತ್ರ ಇರುತ್ತಿದ್ದರು. ಎಡಿಟಿಂಗ್ ಮಾಡುವಾಗ ಒಂದು ದಿನ ಅದು ಕಣ್ಣಿಗೆ ಬಿತ್ತು, ಆಮೇಲೆ ಕಾಣದೇ ಇರಲಿಲ್ಲ.

ನಿಜವಾಗಿ ಕ್ಯಾಲಿಪರ್ ಹಾಕುವವರೇ ಪಾತ್ರ ಮಾಡಬೇಕು ಅಂತ ಮೊದಲಿಂದಲೂ ಹಟ ಇತ್ತು. 2012ರ 'ಬರ್ಫಿ' ನನಗೆ ತುಂಬಾ ಇಷ್ಟ. ಕಿವಿ ಕೇಳದ, ಮಾತು ಬಾರದ ಆ ಹುಡುಗ ಡಾರ್ಜಿಲಿಂಗಿನ ಬೀದಿಯಲ್ಲಿ ಮಾಡುವ ತುಂಟತನವನ್ನು ಎಷ್ಟು ಸಲ ನೋಡಿದ್ದೇನೋ. ಆದರೆ ಆ ಪಾತ್ರ ಮಾಡಿದ ರಣಬೀರ್ ಕಪೂರ್‌ಗೆ ಕಿವಿ ಕೇಳುತ್ತದೆ. 1994ರ ಇಂಗ್ಲಿಷ್ ಸಿನಿಮಾ 'ಫೋರ್ ವೆಡ್ಡಿಂಗ್ಸ್ ಅಂಡ್ ಎ ಫ್ಯೂನರಲ್'ನಲ್ಲಿ ನಾಯಕನ ಸೋದರನಾಗಿ ನಟಿಸಿದ ಡೇವಿಡ್ ಬೋವರ್‌ಗೆ ನಿಜಕ್ಕೂ ಕಿವಿ ಕೇಳಿಸದು. ಮದುವೆ ನಡೆಯುತ್ತಿರುವಾಗಲೇ ಅವನು ಕೈಸನ್ನೆಯಲ್ಲಿ ಅಡ್ಡಿ ಹೇಳುತ್ತಾನೆ. ಆ ಮಾತನ್ನು ಪಾದ್ರಿಗೆ ಬಿಡಿಸಿ ಹೇಳಬೇಕಾದವನು ಮದುಮಗನಾಗಿ ನಿಂತ ಆ ನಾಯಕನೇ! ಸೋದರ ಆ ಸಿನಿಮಾದ ನಾಯಕನಲ್ಲ, ಆದರೂ ಅಲ್ಲಿ ಇಡೀ ಕಥೆ ತಿರುಗುವುದು ಅವನ ಕೈಯಲ್ಲಿ. ನನಗೆ ಬೇಕಾಗಿದ್ದ ನಗು ಅದು.

ನಮ್ಮ ನಾಯಕಿ ಸಿಕ್ಕಿದ್ದು ಪಕ್ಕದ ಊರಿನಲ್ಲೇ. ಟೈಲರಿಂಗ್ ಮಾಡುತ್ತಾರೆ, ಅಡಿಕೆ ಕಾಲದಲ್ಲಿ ಸುಲಿಯಲು ಹೋಗುತ್ತಾರೆ. ಬರೆದಿದ್ದನ್ನು ಅವರಿಗೆ ಕೊಟ್ಟೆ. ಎರಡು ದಿನ ಬಿಟ್ಟು ವಾಪಸ್ ಕೊಡುತ್ತಾ ಹೇಳಿದರು: "ನಿಮ್ಮ ಹುಡುಗಿ ಮೂರು ಸಲ ಅಳ್ತಾಳೆ. ಒಂದು ಸಲನೂ ಸುಳ್ಳು ಹೇಳಲ್ಲ. ಪ್ರೀತಿ ಮಾಡೋರು ಸುಳ್ಳು ಹೇಳದೇ ಇರ್ತಾರಾ ಮಾರಾಯ್ರೆ?"

ಆ ರಾತ್ರಿ ಕೂತು ಮತ್ತೆ ಓದಿದೆ. ಅವರು ಹೇಳಿದ್ದು ಸರಿ. ನಾನು ಬರೆದಿದ್ದು ದೇವತೆಯಂಥ ಹುಡುಗಿ. ಅವಳಿಗೆ ಆಸೆ ಇಲ್ಲ, ಹೊಟ್ಟೆಕಿಚ್ಚಿಲ್ಲ, ಕಿತಾಪತಿ ಇಲ್ಲ. ಹಾಗಿದ್ದರೆ ಕಾಮಿಡಿ ಎಲ್ಲಿಂದ ಬರಬೇಕು? ಕಾಲಿನಿಂದಲೋ ಕಣ್ಣೀರಿನಿಂದಲೋ, ಎರಡೇ ದಾರಿ. ಎರಡೂ ಬೇಡ.

ಹಾಗಾಗಿ ಕಥೆ ಪೂರ್ತಿ ಬದಲಾಯಿತು. ಅವಳು ಅಡಿಕೆ ಸುಲಿತಕ್ಕೆ ಬರುವ ಹುಡುಗಿ, ಅವನು ಶಿವಮೊಗ್ಗದಿಂದ ಬಂದ ಹೊಸ ರೈಟರ್, ಯಾರು ಎಷ್ಟು ಡಬ್ಬ ಅಡಿಕೆ ಸುಲಿದರು ಅಂತ ಲೆಕ್ಕ ಬರೆದುಕೊಳ್ಳುವವನು. "ಒಂದು ಡಬ್ಬ ಕಮ್ಮಿ ಬರೆದಿದ್ದೀರಿ" ಅಂತ ಅವಳು ದಿನಾ ಸುಳ್ಳು ಜಗಳ ತೆಗೆಯುತ್ತಾಳೆ, ಅವನು ಮತ್ತೆ ಪಕ್ಕದಲ್ಲಿ ಕೂತು ಎಣಿಸಬೇಕು. ಇಷ್ಟೇ ಕಥೆ. ಅಡಿಕೆ ಸುಲಿಯುವ ಚಪ್ಪರ ಆರಿಸಿಕೊಂಡಿದ್ದಕ್ಕೂ ಕಾರಣ ಇದೆ. ಅಲ್ಲಿ ಎಲ್ಲರೂ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತೇ ಇರುತ್ತಾರೆ, ಎಲ್ಲರ ಕಣ್ಣೂ ಒಂದೇ ಎತ್ತರದಲ್ಲಿ. ಟ್ರೈಪಾಡ್ ಕೆಳಗಿಳಿಸಿ ಎರಡು ಅಡಿ ಎತ್ತರದಲ್ಲಿ ಕ್ಯಾಮೆರಾ ಇಟ್ಟೆ, ಆರು ದಿನದಲ್ಲಿ ನಾಲ್ಕು ದಿನ ಅದನ್ನು ಮೇಲಕ್ಕೆತ್ತಲೇ ಇಲ್ಲ.

ಕಾಲುಸಂಕದ, ಅಂದರೆ ಹಳ್ಳದ ಮೇಲಿನ ಸಣ್ಣ ಕಾಲುಸೇತುವೆಯ ದೃಶ್ಯವೂ ಹಾಗೇ ತಿರುಗಿತು. ನಾನು ಬರೆದಿದ್ದು ನಾಯಕ ಅವಳನ್ನು ಎತ್ತಿಕೊಂಡು ಹಳ್ಳ ದಾಟುತ್ತಾನೆ ಅಂತ. "ಕೇಳದೇ ನನ್ನನ್ನು ಯಾರಾದ್ರೂ ಎತ್ತಿದ್ರೆ ಮೊದಲು ಬೈತೀನಿ" ಅಂದರು ನಮ್ಮ ನಾಯಕಿ. ಮತ್ತೆ ಸಂಕದ ಮೇಲೆ ಹೇಗೆ ಹೋಗುತ್ತೀರಿ ಅಂತ ಕೇಳಿದೆ. ಹಗ್ಗ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಾ ಸಲೀಸಾಗಿ ದಾಟಿ ತೋರಿಸಿದರು, ಚಿಕ್ಕಂದಿನಿಂದ ದಾಟಿದ ಸಂಕ ಅದು. ಸಿನಿಮಾದಲ್ಲಿ ಈಗ ನಡುವೆ ಹೆದರಿ ನಿಂತುಬಿಡುವುದು ಪೇಟೆಯ ಹುಡುಗ. ಅವಳು ಆಚೆ ದಡದಲ್ಲಿ ಕಾಯುತ್ತಾ ಡಬ್ಬದ ಲೆಕ್ಕ ಕೇಳುತ್ತಾಳೆ.

ಆ ಹೊತ್ತಿಗೆ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು 2024ರ ಜುಲೈ 8ರ ಸುಪ್ರೀಂ ಕೋರ್ಟ್ ತೀರ್ಪು. ಸಿನಿಮಾಗಳಲ್ಲಿ ಅಂಗವಿಕಲರನ್ನು ತೋರಿಸುವ ರೀತಿಯ ಬಗ್ಗೆ ಬಂದಿದ್ದು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಹೀಯಾಳಿಸುವ ಹಾಸ್ಯ ಬೇರೆ ಅಂತ ಕೋರ್ಟ್ ಅದರಲ್ಲಿ ಬಿಡಿಸಿ ಹೇಳಿದೆ. ನಾನು ಪ್ರತಿ ಜೋಕನ್ನೂ ಅದರಲ್ಲಿ ಜರಡಿ ಹಿಡಿದೆ. ನಾಲ್ಕು ಬಿದ್ದುಹೋದವು. ಕಥೆಗೆ ಏನೂ ಕಮ್ಮಿಯಾಗಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಒಂದು ಶಬ್ದ. ನಮ್ಮ ನಾಯಕಿಯ ಕ್ಯಾಲಿಪರ್‌ಗೆ ಮೊಣಕಾಲಿನ ಹತ್ತಿರ ಲಾಕ್ ಇದೆ. ಕೂರುವಾಗ ಅದನ್ನು ಬಿಡಿಸಬೇಕು, ಎದ್ದಾಗ ಟಕ್ ಅಂತ ಬೀಳುತ್ತದೆ. ಸೌಂಡ್ ಮಾಡುವ ಹುಡುಗ ಅದನ್ನು ತೆಗೆದುಬಿಡುತ್ತೇನೆ ಅಂದ. ಅವರು ಬಿಡಲಿಲ್ಲ. "ನಾನು ಬರೋದು ನಮ್ಮ ಮನೆಯವರಿಗೆ ಗೊತ್ತಾಗೋದೇ ಅದರಿಂದ, ಇರಲಿ." ಆಗ ಹೊಳೆಯಿತು. ಮೊದಲ ದಿನ ರೈಟರ್‌ಗೆ ಆ ಟಕ್ ಅಂದರೆ ಏನೂ ಅಲ್ಲ. ಐದನೇ ದಿನ ಚಪ್ಪರದ ಆಚೆ ಟಕ್ ಅಂದ ಕೂಡಲೇ ಅವನು ತಲೆ ಬಾಚಿಕೊಳ್ಳುತ್ತಾನೆ, ಅಂಗಿಯ ಗುಂಡಿ ಸರಿ ಮಾಡಿಕೊಳ್ಳುತ್ತಾನೆ. ಒಂದೂ ಮಾತಿಲ್ಲದೆ ಪ್ರೀತಿ ಗೊತ್ತಾಯಿತಲ್ವಾ!

ಇಂಥ ಸಿನಿಮಾಗಳ ಕೊನೆಯಲ್ಲಿ ಯಾರಾದರೂ ಓಡಲೇಬೇಕು, ಅದು ವಾಡಿಕೆ. ನಾವೂ ಓಡಿಸಿದೆವು, ಎರಡು ಚಕ್ರ ಹೆಚ್ಚಿಗೆ ಹಾಕಿಸಿದ ಅವರದೇ ಸ್ಕೂಟರಿನಲ್ಲಿ. ಅವನು ಶಿವಮೊಗ್ಗ ಬಸ್ ಹತ್ತಿದ್ದಾನೆ, ಇವಳು ತುಂಗೆಯ ಪಕ್ಕದ ರಸ್ತೆಯಲ್ಲಿ ಹಿಂದೆ. ಬೆಳಗಿನ ಮಂಜಿನಲ್ಲಿ ತೆಗೆದಿದ್ದು. ಪರಿಚಯದ ಡ್ರೈವರ್ ಒಬ್ಬರು ಮಂಡಗದ್ದೆಯಲ್ಲಿ ಎರಡು ನಿಮಿಷ ಜಾಸ್ತಿ ನಿಲ್ಲಿಸಿಕೊಟ್ಟರು, ಅಷ್ಟರಲ್ಲೇ ಮುಗಿಸಿದೆವು.

ಮೊದಲ ಪ್ರದರ್ಶನ ಪೇಟೆಯ ಒಂದು ಹಾಲ್‌ನಲ್ಲಿ ಅಂತ ಗೊತ್ತು ಮಾಡಿದ್ದೆ. ಮುಂಚಿನ ದಿನ ಹೋಗಿ ನೋಡಿದರೆ ಹದಿನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ರ‍್ಯಾಂಪ್ ಇಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ನನಗೆ ತುಂಬಾ ಸಿಟ್ಟು ಬಂತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿದ ಜಿಲ್ಲೆ ನಮ್ಮದು. ಹಳ್ಳಿಯಲ್ಲಿ ಸಿನಿಮಾ ತೋರಿಸುವುದು ನಮಗೆ ಹೊಸದೇ? ಹಾಲ್ ಬಿಟ್ಟು ಅದೇ ಚಪ್ಪರದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು.

ಸುಮಾರು ಅರವತ್ತು ಜನ ಬಂದಿದ್ದರು. ಟಕ್ ಶಬ್ದಕ್ಕೆ ಮೂರನೇ ಸಲದಿಂದ ಜನರೇ ಕಾಯುತ್ತಿದ್ದರು, ನಾಯಕ ಬಾಚಣಿಗೆ ತೆಗೆಯುವ ಮೊದಲೇ ನಗು. ಮುಗಿದ ಮೇಲೆ ಸುಲಿತಕ್ಕೆ ಬರುವ ಅಜ್ಜಿಯೊಬ್ಬರು ನಮ್ಮ ನಾಯಕಿಯ ಕೈ ಹಿಡಿದು, "ಅಲ್ಲ ಮಗಾ, ಆ ಹುಡುಗ ಕೊನೆಗೆ ಲೆಕ್ಕ ಸರಿ ಮಾಡಿದ್ನಾ?" ಅಂದರು.

"ಎಲ್ಲಿ ಅಜ್ಜಿ, ಇನ್ನೂ ಒಂದು ಡಬ್ಬ ಕಮ್ಮಿನೇ ಇದೆ" ಅಂದರು ಅವರು.