ವ್ಯಾಲರಂಟ್‌ನ ಏಜೆಂಟರನ್ನು ಬಂದ ಕ್ರಮದಲ್ಲೇ ಕಲಿಯುವುದು ಹೇಗೆ?

ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟವನ್ನು ಈಗ ಮೊದಲ ಬಾರಿಗೆ ತೆರೆಯುವವರಿಗೆ ಇಪ್ಪತ್ತೈದಕ್ಕೂ ಹೆಚ್ಚು ಏಜೆಂಟರು (ಆಡಲು ಆರಿಸಿಕೊಳ್ಳುವ ಯೋಧರು) ಒಮ್ಮೆಲೇ ಎದುರಾಗುತ್ತಾರೆ. ಒಬ್ಬೊಬ್ಬರಿಗೂ ನಾಲ್ಕು ಸಾಮರ್ಥ್ಯಗಳೆಂದರೆ ನೆನಪಿಡಬೇಕಾದ ಸಂಗತಿಗಳು ನೂರನ್ನು ದಾಟುತ್ತವೆ. ಆದರೆ 2020ರ ಜೂನ್ 2ರಂದು ರಯಟ್ ಗೇಮ್ಸ್ ಈ ಆಟವನ್ನು ಬಿಡುಗಡೆ ಮಾಡಿದಾಗ ಇದ್ದವರು ಹನ್ನೊಂದೇ ಮಂದಿ. ಅಂದಿನಿಂದ ಆಡುತ್ತ ಬಂದವರು ಉಳಿದವರನ್ನು ಕೆಲವು ತಿಂಗಳಿಗೊಬ್ಬರಂತೆ, ನಿಧಾನವಾಗಿ ಅರಗಿಸಿಕೊಂಡರು. ಹೊಸಬರೂ ಅದೇ ದಾರಿಯಲ್ಲಿ ನಡೆಯುವುದು ಒಳ್ಳೆಯದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಏಕೆಂದರೆ ಆಮೇಲೆ ಬಂದ ಬಹುಪಾಲು ಏಜೆಂಟರ ಅರ್ಥ ಮೊದಲ ಹನ್ನೊಂದು ಮಂದಿಯನ್ನು ಬಲ್ಲವರಿಗಷ್ಟೇ ಪೂರ್ತಿಯಾಗಿ ತಿಳಿಯುತ್ತದೆ.

ಖಾತೆ ತೆರೆದ ಕೂಡಲೇ ಉಚಿತವಾಗಿ ಸಿಗುವ ಬ್ರಿಮ್‌ಸ್ಟೋನ್, ಜೆಟ್, ಫೀನಿಕ್ಸ್, ಸೇಜ್ ಮತ್ತು ಸೋವಾ ಇವರಿಂದಲೇ ಆರಂಭಿಸಿ. ಐವರೂ ಮೊದಲ ದಿನದವರೇ, ಮತ್ತು ಆಟದ ನಾಲ್ಕೂ ಪಾತ್ರಗಳು ಈ ಐವರಲ್ಲೇ ಅಡಗಿವೆ. ಮುನ್ನುಗ್ಗುವ ಡ್ಯುಯಲಿಸ್ಟ್‌ಗಳಾಗಿ ಜೆಟ್ ಮತ್ತು ಫೀನಿಕ್ಸ್, ಹೊಗೆಯಿಂದ ನೋಟ ತಡೆಯುವ ಕಂಟ್ರೋಲರ್ ಆಗಿ ಬ್ರಿಮ್‌ಸ್ಟೋನ್, ಶತ್ರು ಎಲ್ಲಿದ್ದಾನೆಂದು ಪತ್ತೆಹಚ್ಚಿ ದಾರಿ ತೆರೆಯುವ ಇನಿಶಿಯೇಟರ್ ಆಗಿ ಸೋವಾ, ಜಾಗ ಕಾಯುವ ಸೆಂಟಿನೆಲ್ ಆಗಿ ಸೇಜ್ ಇದ್ದಾರೆ.

ಹೊಗೆಯ ಕಥೆಯನ್ನು ಮೊದಲು ಹಿಡಿಯಿರಿ. ಏಜೆಂಟರ ಬಳಗ ಹೇಗೆ ಬೆಳೆಯಿತೆಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಕಸ್ಟಮ್ ಗೇಮ್ (ನೀವೇ ಹೊಂದಿಸುವ ಖಾಸಗಿ ಪಂದ್ಯ) ಒಂದನ್ನು ಒಬ್ಬರೇ ತೆರೆದು, ಅಭ್ಯಾಸಕ್ಕೆಂದು ನಿಯಮ ಸಡಿಲಿಸುವ ಚೀಟ್ಸ್ ಆನ್ ಮಾಡಿ, ಬ್ರಿಮ್‌ಸ್ಟೋನ್‌ನ ಮ್ಯಾಪ್ ಮೇಲೆ ಮೂರು ಕಡೆ ಗುರುತು ಮಾಡಿ ಹೊಗೆ ಇಳಿಸಿ. ಬಾಯಲ್ಲಿ ಎಣಿಸುತ್ತ ನಿಲ್ಲಿ: ಹತ್ತೊಂಬತ್ತು ದಾಟುತ್ತಿದ್ದಂತೆ ಮರೆ ಕರಗಿಹೋಗುತ್ತದೆ. ಅನಂತರ ಮೊದಲ ದಿನದ ಇನ್ನೊಬ್ಬ ಕಂಟ್ರೋಲರ್ ಓಮನ್‌ನಿಂದ ಅದನ್ನೇ ಮಾಡಿ ನೋಡಿ. ಅವನ ಹೊಗೆ ಬೇಗ ಕರಗುತ್ತದೆ, ಆದರೆ ಅದೇ ರೌಂಡಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಬ್ರಿಮ್‌ಸ್ಟೋನ್‌ನ ಮೂರೂ ಖರ್ಚಾದರೆ ಆ ರೌಂಡಿಗೆ ಮುಗಿಯಿತು. ಈ ವ್ಯತ್ಯಾಸ ಕೈಗೆ ಹತ್ತಿದ ಮೇಲೆ ಮುಂದಿನವರು ತಾವಾಗಿಯೇ ಅರ್ಥವಾಗುತ್ತಾರೆ. 2021ರ ಮಾರ್ಚ್‌ನಲ್ಲಿ ಬಂದ ಆಸ್ಟ್ರಾ, ಹೊಗೆಯನ್ನು ಮ್ಯಾಪಿನ ಯಾವ ಮೂಲೆಗಾದರೂ ಕಳಿಸಬಹುದಾದ ನಕ್ಷತ್ರಗಳನ್ನು ತಂದಳು. 2022ರ ಅಕ್ಟೋಬರ್‌ನಲ್ಲಿ ಬಂದ ಹಾರ್ಬರ್ ಹೊಗೆಯ ಬದಲು ನೀರಿನ ಗೋಡೆ ಎಬ್ಬಿಸಿದ. ಅವನ ನೀರಿನ ಗುಮ್ಮಟಕ್ಕೆ ಗುಂಡನ್ನೂ ತಡೆಯುವ ಶಕ್ತಿಯಿತ್ತು. (ವರುಣ್ ಬಾತ್ರಾ ಎಂಬ ಹೆಸರಿನ ಈ ಭಾರತೀಯ ಏಜೆಂಟ್ ಬಂದ ಕೆಲವೇ ತಿಂಗಳಲ್ಲಿ, ನಮ್ಮ ಪಶ್ಚಿಮ ಘಟ್ಟಗಳಲ್ಲಿ ನೆಲೆಗೊಂಡ ಲೋಟಸ್ ಮ್ಯಾಪ್ ಕೂಡ ಬಂದಿತು. ಅದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷವನ್ನು ಇಲ್ಲಿ ಬರೆಯದೆ ಇರಲಾರೆ.) 2024ರ ಮಾರ್ಚ್‌ವರೆಗೂ ಕಂಟ್ರೋಲರ್ ಸತ್ತರೆ ಹೊಸ ಹೊಗೆಯ ಆಸೆ ಬಿಡಬೇಕಿತ್ತು; ಆಗ ಬಂದ ಕ್ಲೋವ್, ಸತ್ತ ಮೇಲೂ ಬಿದ್ದ ಜಾಗದ ಸುತ್ತ ಹೊಗೆ ಹಾಕಬಲ್ಲ ಮೊದಲ ಏಜೆಂಟ್.

ಉಳಿದ ಪಾತ್ರಗಳಿಗೂ ಇದೇ ಕ್ರಮ ಸಾಕು. ಬಿಡುಗಡೆಯ ದಿನ ಡ್ಯುಯಲಿಸ್ಟ್‌ಗಳು ನಾಲ್ವರು, ಕಂಟ್ರೋಲರ್‌ಗಳು ಮೂವರು, ಇನಿಶಿಯೇಟರ್ ಮತ್ತು ಸೆಂಟಿನೆಲ್‌ಗಳು ತಲಾ ಇಬ್ಬರು ಇದ್ದರು. 2024ರ ಕೊನೆಗೆ ಒಟ್ಟು ಇಪ್ಪತ್ತೈದು ಮಂದಿಯಾದಾಗ ಡ್ಯುಯಲಿಸ್ಟ್‌ಗಳು ಏಳು, ಮಿಕ್ಕ ಮೂರು ಪಾತ್ರಗಳಲ್ಲಿ ತಲಾ ಆರು ಮಂದಿ. ಬೆಳವಣಿಗೆ ಹೆಚ್ಚಾಗಿ ಆದದ್ದು ಮಾಹಿತಿ ತರುವವರಲ್ಲಿ ಮತ್ತು ಜಾಗ ಕಾಯುವವರಲ್ಲಿ ಎಂಬುದನ್ನು ಗಮನಿಸಿ. ಇವರಲ್ಲಿ 2021ರ ಜೂನ್‌ನಲ್ಲಿ ಬಂದ ರೋಬೋಟ್ ಕೇ/ಓವನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಅವನು ಎಸೆಯುವ ಚಾಕುವಿನ ವ್ಯಾಪ್ತಿಗೆ ಸಿಕ್ಕ ಶತ್ರುಗಳು ಕೆಲವು ಸೆಕೆಂಡ್ ಯಾವ ಸಾಮರ್ಥ್ಯವನ್ನೂ ಬಳಸಲಾರರು. ಅಷ್ಟರೊಳಗೆ ಹದಿನೈದು ಏಜೆಂಟರ ಸಾಮರ್ಥ್ಯಗಳು ತುಂಬಿಹೋಗಿದ್ದ ಆಟದಲ್ಲಿ ಅವನ ಬೆಲೆ ಏನೆಂಬುದು ಆ ಹದಿನೈದು ಮಂದಿಯನ್ನು ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ.

ಪ್ರತಿಯೊಬ್ಬ ಏಜೆಂಟ್‌ಗೂ ನೋಟ್‌ಬುಕ್ಕಿನಲ್ಲಿ ಎರಡು ದಿನಾಂಕ ಬರೆದುಕೊಳ್ಳಿ: ಬಂದದ್ದು ಯಾವಾಗ, ದೊಡ್ಡದಾಗಿ ಬದಲಾದದ್ದು ಯಾವಾಗ. ಎರಡನೆಯದನ್ನು ಬಿಟ್ಟರೆ ಮೋಸಹೋಗುತ್ತೀರಿ. ಮೊದಲು ಜೆಟ್‌ಗೆ ಗುಂಡಿ ಒತ್ತಿದ ಕ್ಷಣವೇ ಪಕ್ಕಕ್ಕೆ ಚಿಮ್ಮಿ ಪಾರಾಗಲು ಆಗುತ್ತಿತ್ತು. 2022ರ ಏಪ್ರಿಲ್‌ನ 4.08 ಪ್ಯಾಚ್ (ಆಟದ ಪರಿಷ್ಕರಣೆ) ಬಂದ ಮೇಲೆ ಡ್ಯಾಶ್ ಎಂಬ ಈ ಚಿಮ್ಮುವಿಕೆಯನ್ನು ಮುಂಚಿತವಾಗಿ ಸಜ್ಜುಗೊಳಿಸಿ, 12 ಸೆಕೆಂಡಿನೊಳಗೆ ಬಳಸಬೇಕಾಯಿತು. ಮುಂದಿನ ವರ್ಷ ಆ ಅವಧಿಯನ್ನೂ ಕಡಿತ ಮಾಡಿದರು. ಹಳೆಯ ವಿಡಿಯೋ ನೋಡಿ ಜೆಟ್ ಕಲಿತವರು, ಗುಂಡು ಹಾರಿಸಿದ ಮೇಲೆ ಡ್ಯಾಶ್ ಒತ್ತಿ ನಿಂತಲ್ಲೇ ಸಾಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆದ್ದರಿಂದ ಯಾವ ವಿಡಿಯೋ ತೆರೆದರೂ ಮೊದಲು ಅದರ ದಿನಾಂಕವನ್ನು ನಿಮ್ಮ ಪುಸ್ತಕದ ಎರಡನೆಯ ದಿನಾಂಕದೊಂದಿಗೆ ಹೋಲಿಸಿ.

ಆಡುತ್ತ ಹೋದಂತೆ ಕಿಂಗ್‌ಡಮ್ ಕ್ರೆಡಿಟ್ಸ್ ಕೂಡುತ್ತವೆ, ಒಬ್ಬ ಏಜೆಂಟ್‌ನನ್ನು ಪಡೆಯಲು 8,000 ಬೇಕು. ಹೊಸದಾಗಿ ಬಂದವರ ಮೇಲೆ ಆಸೆಯಾಗುವುದು ಸಹಜ, ಆದರೂ ಮೊದಲ 8,000ವನ್ನು ಓಮನ್‌ಗೇ ಇಡಿ. ಅನಂತರ ಮೊದಲ ದಿನದ ಸೆಂಟಿನೆಲ್ ಸೈಫರ್, ಆಮೇಲೆ ಕೇ/ಓ. ಈ ಮೂವರಲ್ಲಿ ಒಬ್ಬೊಬ್ಬರನ್ನೂ ಇಪ್ಪತ್ತು ಪಂದ್ಯಗಳಾದರೂ ಆಡಿದ ಬಳಿಕ ಆಸ್ಟ್ರಾ ಅಥವಾ ಕ್ಲೋವ್ ಕಡೆ ಕೈಹಾಕಿ.